ಹಿಂದಕ್ಕೆ ಸರಿದ ಸೀಟು

ಸೀಟಿನಡಿಯ ಹಳಿಗೆ ಸಾಲಾಗಿ ತೂತುಗಳಿವೆ.
ಮೇ ತಿಂಗಳಲ್ಲಿ ನಾನು ನಾಲ್ಕನೆಯದರಲ್ಲಿದ್ದೆ,
ಜುಲೈಗೆ ಐದು. ಈಗ ಏಳು.
ಹೊಟ್ಟೆಗೂ ಚುಕ್ಕಾಣಿಗೂ ನಡುವೆ
ಒಂದು ಅಂಗೈ ಮಾತ್ರ ನುಸುಳುತ್ತದೆ.
ಅಂಗೈ ನನ್ನದೇ. ದಿನಾ ಅಳೆಯುತ್ತೇನೆ.

ಮಾಲ್ಟಹೋಹೆಯಾಚೆ ನಮ್ಮ ಕುರಿಗಳ ಬಯಲಿನಿಂದ
ವಿಂಡ್‌ಹುಕ್‌ನ ಡಾಕ್ಟರಿಗೆ ಜಲ್ಲಿರಸ್ತೆಯಲ್ಲಿ ಐದು ಗಂಟೆ,
ಮೇಲಿನಿಂದ ಒಂದೂಕಾಲು.
ಜಲ್ಲಿಯ ಕುಲುಕಾಟಕ್ಕಿಂತ ಗಾಳಿಯದು ಮೇಲು
ಎಂದು ಅತ್ತೆಗೆ ಹೇಳಿದವಳು ನಾನೇ,
ವಾಂತಿಯ ಚೀಲವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು.

ಬೆಳಗ್ಗೆ ಆರಕ್ಕೆ, ನೆಲ ಕಾಯುವ ಮೊದಲು,
ಡೀಟ್ಲೆಫ್ ಪಿಕಪ್ಪಿನಲ್ಲಿ ಓಡುದಾರಿಯುದ್ದಕ್ಕೂ ಹೋಗಿ
ಓರಿಕ್ಸ್‌ಗಳನ್ನು ಬೆದರಿಸಿ ಅಟ್ಟುತ್ತಾನೆ,
ರಾತ್ರಿ ಯಾವುದೋ ಪ್ರಾಣಿ ತೋಡಿದ ಗುಂಡಿಗೆ ಮಣ್ಣೆಳೆಯುತ್ತಾನೆ.
ನಾನು ಏಣಿ ಹತ್ತಿ ರೆಕ್ಕೆಯ ಟ್ಯಾಂಕಿಗೆ ಕಡ್ಡಿ ಅದ್ದುತ್ತೇನೆ.
ಏಣಿ ಹತ್ತಬೇಡ ಎಂದವರಿಗೆಲ್ಲ ಹೂಂ ಅಂದಿದ್ದೇನೆ.

ತೂಕದ ಕಾಗದ:
ಪೈಲಟ್, ಎಪ್ಪತ್ತೆಂಟು.
ಮಿಂಕೆ, ಹದಿನಾರೂವರೆ, ಮೊಲ ಸೇರಿ
(ಬಟ್ಟೆಯ ಮೊಲವನ್ನೂ ತೂಗಬೇಕೆಂದು ಹಟ).
ಪೆಟ್ರೋಲು, ನೀರು, ಒಣಮಾಂಸದ ಪೊಟ್ಟಣ.
"ಪಾಪು ಎಲ್ಲಿ?" ಓದಲು ಬಾರದ ಕಾಗದಕ್ಕೆ ಬೆರಳಿಟ್ಟಳು.
"ನನ್ನ ಸಾಲಿನಲ್ಲೇ ಇದೆಯಲ್ಲ, ನನ್ನೊಳಗೆ."
ಒಪ್ಪಲಿಲ್ಲ. ಪೆನ್ನು ಕಿತ್ತುಕೊಂಡು
ಕೊನೆಯಲ್ಲೊಂದು ಸೊನ್ನೆ ಬರೆದಳು, ಅದಕ್ಕೆ ಎರಡು ಕಣ್ಣು.

ಹಾರಿದೆವು, ಕಣ್ಣುಳ್ಳ ಸೊನ್ನೆ ಸಮೇತ.

ಬೆಲ್ಟು ಹೊಟ್ಟೆಯ ಕೆಳಗೆ, ತೊಡೆಸಂದಿಗೆ ಒತ್ತಿ.
ಮಿಂಕೆಯ ತಲೆಗೆ ಹೆಡ್‌ಸೆಟ್ ದೊಡ್ಡದು,
ಅಪ್ಪನ ಕಾಲುಚೀಲ ತುರುಕಿ ಬಿಗಿ ಮಾಡಿದ್ದೇವೆ.
"ಪಾಪುವಿನ ಕಿವಿಗೆ ಏನು ಹಾಕಿದ್ದೀಯ?"
ಎಂಜಿನ್ನಿನ ಮೊರೆತದೊಳಗಿಂದ ಪ್ರಶ್ನೆ.
ನನಗೆ ಗೊತ್ತಿರಲಿಲ್ಲ. ನೀರು, ಅಂದೆ.
ತುಸು ಹೊತ್ತು ಬಿಟ್ಟು,
"ನನಗೂ ನೀರು ಬೇಕು."

ಗುಡ್ಡದಂಚಿನಲ್ಲಿ ಗಾಳಿ ನಮ್ಮನ್ನು
ಮೊರದಲ್ಲಿ ಕಾಳು ಕೇರುವಂತೆ ಎತ್ತಿ ಕೊಡವಿತು.
ಕೈ ತಾನಾಗಿ ಚುಕ್ಕಾಣಿ ಬಿಟ್ಟು ಹೊಟ್ಟೆಗೆ ಹೋಯಿತು.
ಒಂದೇ ಗಳಿಗೆ.
ಬೀಳಲಿಲ್ಲ ವಿಮಾನ. ಮೂಗು ತಗ್ಗಿಸಿ, ಮತ್ತೆ ಎತ್ತಿ,
ಹಳೇ ಹೇಸರಗತ್ತೆ, ತಾನೇ ದಾರಿ ಹಿಡಿಯಿತು.
ನಾನು ಮಾತ್ರ ಆ ಕೈಯನ್ನೇ ನೋಡುತ್ತಿದ್ದೆ,
ಹೇಳದೆ ಕೇಳದೆ ಕೆಲಸ ಬಿಟ್ಟು ಹೋದ ಆಳನ್ನು ನೋಡುವ ಹಾಗೆ.

ಎಷ್ಟು ಎತ್ತರ? ಕೇಳಿದರು ಡಾಕ್ಟರ್ ನಂಗೊಂಬೆ.
ಎಂಟೂವರೆ ಸಾವಿರ ಅಡಿ.
ಬೇಡ ಅನ್ನಲಿಲ್ಲ. ರಕ್ತದೊತ್ತಡದ ಪಟ್ಟಿ ಬಿಚ್ಚುತ್ತ
"ಮುಂದಿನ ಸಲ ಬೇರೆ ಯಾರಾದರೂ ನಡೆಸಲಿ" ಅಂದರು.
ಕೈಯ ವಿಷಯ ನಾನು ಹೇಳಿಯೇ ಇರಲಿಲ್ಲ.

ಆ ದಿನದ ಲಾಗ್‌ಪುಸ್ತಕ: ಪ್ರಯಾಣಿಕರು,
ಒಂದು ಎಂದು ಬರೆದು ಪೆನ್ನು ನಿಂತಿತು.
ಎರಡು ಜೀವದವಳು ಅನ್ನುತ್ತಾಳೆ ಲಿಸ್ಬೆತ್ ಅಜ್ಜಿ,
ಗಬ್ಬದ ಕುರಿಗೂ ನನಗೂ ಅದೇ ಮಾತು.

ಅಕ್ಟೋಬರಿನಲ್ಲಿ ನೆರೆಯ ಮುದುಕ ಊವೆ ಬಂದ.
ಕುಳಿತವನೇ ನನ್ನ ಸೀಟನ್ನು ಮುಂದಕ್ಕೆಳೆದ,
ಕಟ್, ಕಟ್, ಕಟ್,
ಮೂರು ತಿಂಗಳು ಹಳಿಯ ಮೇಲೆ ಜಾರಿಹೋದವು.
ನಾನು ಹಿಂದೆ, ಮಿಂಕೆಯ ಪಕ್ಕ.
ಊವೆಯ ಸುಟ್ಟ ಕತ್ತು, ಅದರಾಚೆ ಒಂದಿಷ್ಟು ಆಕಾಶ.
ಅವನು ತಿರುಗಿದಾಗಲೆಲ್ಲ ನನ್ನ ಕಾಲು ನೆಲ ಒತ್ತುತ್ತಿತ್ತು,
ಎಡ, ಬಲ. ಒಳಗಿನದೂ ತುಳಿಯುತ್ತಿತ್ತು.
ಮಿಂಕೆಯ ಬೂಟು ಗಾಳಿಯಲ್ಲಿ ತೂಗುತ್ತಿತ್ತು.
ಹಿಂದಿನ ಸೀಟಿನಲ್ಲಿ ಆರು ಕಾಲು,
ಒಂದಕ್ಕೂ ಪೆಡಲಿಲ್ಲ ನೋಡು, ಅಂದೆ.

ಮೊಲಕ್ಕೂ ಇಲ್ಲ, ಅಂದಳು.