ಏಳನೆಯ ದೋಣಿ

ಮನಿಲಾದಿಂದ ಬಂದಿಳಿದಾಗ ನನ್ನ ಕೈಲಿದ್ದದ್ದು
ಒಂದು ಪಟ್ಟಿ, ಎರಡು ಪೆನ್ಸಿಲ್, ಅಳತೆ ಟೇಪು,
ಮತ್ತು ಅಲೆಗೆ ಹೊಟ್ಟೆ ತೊಳಸಿದರೆಂದು ಅಕ್ಕ ಕಟ್ಟಿಕೊಟ್ಟ ಶುಂಠಿ.
ಪಟ್ಟಿಯಲ್ಲಿ ಏಳು ಗಸ್ತುದೋಣಿ.
ಜೆಟ್ಟಿಯಲ್ಲಿ ಐದು.

ಮತ್ತೆ ಎಣಿಸಿದೆ, ಈ ಸಲ ಆ ತುದಿಯಿಂದ.
ಐದೇ.

"ಆರನೆಯದು ರಿಪೇರಿಯಲ್ಲಿದೆ, ಮಿಸ್ ಕಾತಿಗ್ಬಾಕ್" ಎಂದರು
ಕಮಾಂಡರ್ ಎಸ್ಕಾನ್ಯೊ, ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ.
ತೋರಿಸಿ ಎಂದೆ.
ಬೀಗದ ಕೈ ಸಿಗಲು ಒಂದೂವರೆ ಗಂಟೆ.
ಶೆಡ್ಡಿನೊಳಗೆ, ಹೌದು, ದೋಣಿಯ ಒಡಲಿತ್ತು.
ಎಂಜಿನ್ ಇರಬೇಕಾದ ಗೂಡಲ್ಲಿ ಒಣಹುಲ್ಲು,
ಹುಲ್ಲ ಮೇಲೊಂದು ಕೆಂಪು ಕೋಳಿ.
ನನ್ನನ್ನು ಕಂಡು ಕದಲಲಿಲ್ಲ.
ಅದಕ್ಕಾದರೂ ಮಾಡಲು ಕೆಲಸವಿತ್ತು.

"ಏಳನೆಯದು?"
"ಕಾರ್ಯಾಚರಣೆಯಲ್ಲಿದೆ."
"ಎಲ್ಲಿ?"
"ಹೇಳುವಂತಿಲ್ಲ. ದೇಶದ ಭದ್ರತೆ."
ಆ ಮಾತು ಬಂದೊಡನೆ ಕೋಣೆಯಲ್ಲಿ ಎಲ್ಲರೂ
ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ನಾನೂ ಕೂತೆ.
ಇಪ್ಪತ್ತೆರಡು ವರ್ಷದ ನೌಕರಿ ಕಲಿಸಿದ ಅಭ್ಯಾಸ.
ನಾಚಿಕೆ, ಆದರೆ ನಿಜ.

ರಾತ್ರಿ ಅತಿಥಿಗೃಹದಲ್ಲಿ ಡೀಸೆಲ್ ಪುಸ್ತಕ ಬಿಡಿಸಿದೆ.
ಐದೂ ದೋಣಿ ಸೇರಿ ಕುಡಿದದ್ದಕ್ಕಿಂತ
ಆ ಒಂದೇ ಹೆಚ್ಚು ಕುಡಿದಿತ್ತು.
ವರ್ಷಕ್ಕೆರಡು ಸಲ ಬಣ್ಣ ಬಳಿಸಿಕೊಂಡಿತ್ತು.
ಹನ್ನೆರಡು ಜೀವರಕ್ಷಕ ಅಂಗಿ, ಒಂದು ಕಾಫಿ ಯಂತ್ರ,
ಆಮೇಲೆ ಎರಡು ಪುಟ ಕಪ್ಪು ಮಸಿ,
ದೀಪಕ್ಕೆ ಹಿಡಿದರೂ ಕಪ್ಪೇ.
ಬಳಿಯಲು ಮರೆತ ಒಂದು ಸಾಲು:
"ಪರದೆಗಳು, ನಾವಿಕರ ಕೋಣೆಗೆ, ಹೂವಿನ ಚಿತ್ತಾರ."

ಬೆಳಿಗ್ಗೆ ಮರಳ ಮೇಲೆ ಬಲೆ ರಿಪೇರಿ ಮಾಡುತ್ತಿದ್ದ
ಮಾಂಗ್ ದೊರೊತೆಯೊನನ್ನು ಕೇಳಿದೆ:
ಏಳನೆಯದನ್ನು ಕಂಡಿದ್ದೀರಾ?
ನಕ್ಕ. ಮೂರು ಹಲ್ಲು.
"ಆಚೆ ದೇಶದ ಹಡಗು ಬಂದರೆ ಮೊದಲು ಕಾಣುವುದು ನಮಗೆ.
ಒಂದು ರೇಡಿಯೊ ಕೊಟ್ಟಿದ್ದಾರೆ. ಕೂಗುತ್ತೇವೆ.
ಎಣ್ಣೆ ನಮ್ಮದು. ದೋಣಿ ನಮ್ಮದು.
ಅಮಿಹಾನ್ ಗಾಳಿಯ ಆ ರಾತ್ರಿ ನೀಲೋ ಕೂಗಿದ, ಮೂರು ಸಲ.
ನಿಮ್ಮ ಪುಸ್ತಕದಲ್ಲಿ ಬರೆದಿರಬೇಕು, ನೋಡಿ."
ನೀಲೋ ಯಾರೆಂದು ನಾನು ಕೇಳಲಿಲ್ಲ.
ಗುಡಿಸಲ ಗೋಡೆಗೆ ಒಂದೇ ಒಂದು ಹುಟ್ಟು ಒರಗಿತ್ತು.

ನೋಡಿದೆ. ಬರೆದಿತ್ತು.
ಒಂದು ನಲವತ್ತು. ಸ್ಥಳೀಯ ಮೂಲ. ಸಂಪರ್ಕ ಕಡಿತ.
ಒಂದು ಐವತ್ತೈದು. ಏಳನೆಯ ದೋಣಿ ನೆರವಿಗೆ ಹೊರಟಿತು.
ಡೀಸೆಲ್, ನಾನೂರು ಲೀಟರ್.

ಚಿಕ್ಕಂದಿನಲ್ಲಿ ಬತಾಂಗಾಸ್‌ನ ಓಣಿಯಲ್ಲಿ
ಅಣ್ಣಂದಿರ ಆಟಕ್ಕೆ ನಾನು ನುಗ್ಗಿದರೆ
"ಸಾಲಿಂಗ್ ಪೂಸಾ" ಎನ್ನುತ್ತಿದ್ದರು, ಜೊತೆಗೂಡಿದ ಬೆಕ್ಕು:
ಓಡಬಹುದು, ಬೀಳಬಹುದು, ಮಂಡಿ ತರಚಿಕೊಳ್ಳಬಹುದು,
ಔಟಾಗುವಂತಿಲ್ಲ, ಗೆಲ್ಲುವಂತಿಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಅಂಥ ಒಬ್ಬನನ್ನು ಹುಡುಕಿಕೊಂಡು
ಲೆಕ್ಕಕ್ಕುಂಟು ಆಟಕ್ಕಿಲ್ಲದ ದೋಣಿ
ಆ ರಾತ್ರಿ ಕಡಲಿಗಿಳಿಯಿತು.

ಹೊರಡುವಾಗ ಕಮಾಂಡರ್ ಜೆಟ್ಟಿಯ ತನಕ ಬಂದರು.
"ಏಳು ಎಂದು ಸಹಿ ಮಾಡಿ ತೆಗೆದುಕೊಂಡೆ,
ಏಳು ಎಂದೇ ಸಹಿ ಮಾಡಿ ಕೊಟ್ಟು ಹೋಗುತ್ತೇನೆ.
ನನಗಿಂತ ಹಿಂದಿನವರೂ ಅಷ್ಟೇ." ದನಿ ತಗ್ಗಿತ್ತು.
ಒಣಮೀನಿನ ಪೊಟ್ಟಣ ಕೈಗಿಟ್ಟರು.
ಎಂಬತ್ತು ಪೆಸೊ ಕೊಟ್ಟು ರಸೀದಿ ಕೇಳಿದೆ.
ಇಡೀ ಠಾಣೆಯಲ್ಲಿ ರಸೀದಿ ಪುಸ್ತಕವಿರಲಿಲ್ಲ.

ಕೇಜಾನ್ ನಗರದ ಸಮಿತಿ ನನಗೆ ಕೊಟ್ಟದ್ದು ನಾಲ್ಕು ನಿಮಿಷ.
ಅಧ್ಯಕ್ಷರು ಕನ್ನಡಕ ಒರೆಸುತ್ತ
ದ್ವೀಪದ ಹೆಸರನ್ನು ಎರಡು ಸಲ ತಪ್ಪಾಗಿ ಹೇಳಿ
"ಇದನ್ನು ಮುಚ್ಚಿದ ಬಾಗಿಲ ಸಭೆಗಿಡೋಣ" ಎಂದರು.
ಬಾಗಿಲು ಮುಚ್ಚಿತು. ನಾನು ಹೊರಗಿದ್ದೆ.

ವರದಿಯಲ್ಲಿ ಮೂರನೆಯ ಅನುಬಂಧಕ್ಕೆ ಮಾತ್ರ ಯಾರೂ ಮಸಿ ಬಳಿದಿಲ್ಲ.
ಓದಿರಲಿಕ್ಕಿಲ್ಲ.
ಕಣ್ಣಾರೆ ಕಂಡು ಎಣಿಸಿದ್ದು:
ದೋಣಿ, ಐದು.
ಬರಿಯ ಒಡಲು, ಒಂದು.
ಕೋಳಿ ಒಂದು, ಮೊಟ್ಟೆ ಹನ್ನೊಂದು.
ಹುಟ್ಟು, ಒಂದು.
ಜೋಡಿ ಸಿಕ್ಕಿಲ್ಲ.