ಜಾಮೀನು

ಮುಲುಂಡಿನ ಬ್ಯಾಂಕಿನಲ್ಲಿ ತಾವ್ಡೆ ಮೇಡಮ್ಮು
ಫೈಲಿನಿಂದ ಮುಖವೆತ್ತಿ
ಚಿರಂತನನ್ನು ಕೇಳಿದರು:
"ಆಂಟಿಗೆ ಇದೆಲ್ಲ ಅರ್ಥವಾಗುತ್ತಾ?"

ಚಿರಂತ ನನ್ನಕ್ಕನ ಮಗ. ಹತ್ತೊಂಬತ್ತು.
ಬೆಳಿಗ್ಗೆ ಅವನ ಷರ್ಟಿನ ಗುಂಡಿ ಹೊಲಿದುಕೊಟ್ಟವಳು ನಾನು.
ಸಾಲ ಅವನದು, ಜಾಮೀನು ನನ್ನದು.
ಮೂರು ವರ್ಷದ ಸಂಬಳ ಚೀಟಿ, ತೆರಿಗೆಯ ರಸೀದಿ,
ಒಂದು ಕೋಣೆ ಒಂದು ಅಡುಗೆಮನೆಯ ಕಾಗದ
(ಕಂತು ಮುಗಿದು ಎರಡು ದೀಪಾವಳಿಯಾಯಿತು)
ಎಲ್ಲ ಕ್ಲಿಪ್ಪು ಹಾಕಿ, ತಾರೀಖಿನ ಪ್ರಕಾರ.

ನಾನು ಆಕೆಯ ಕಣ್ಣು ನೋಡಲಿಲ್ಲ, ನಿಜ.
ತಲೆಯ ಮೇಲೆ ಟ್ಯೂಬ್‌ಲೈಟು ಜೀರುಂಡೆಯಂತೆ ಕೊರೆಯುತ್ತಿತ್ತು,
ಬೆರಳು ಮೇಜಿನಂಚಿನಲ್ಲಿ ತಮ್ಮ ಪಾಡಿಗೆ
ಒಂದೆರಡು ಮೂರು, ಒಂದೆರಡು ಮೂರು.
ಅಷ್ಟು ಸಾಕಾಯಿತು ಆಕೆಗೆ
ನಲವತ್ತಮೂರರಿಂದ ಮೂವತ್ತೇಳು ಕಳೆಯಲು.

"ಜಾಣೆ! ಇಲ್ಲಿ ಹೆಸರು ಬರೀತೀಯಾ?"
ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು.
ಡ್ರಾಯರಿನಿಂದ ಒಂದು ಪೆಪ್ಪರ್‌ಮಿಂಟು.
ಕೆಟ್ಟವರಲ್ಲ. ಅದೇ ಕಷ್ಟ.
ಕೆಟ್ಟವರಿಗೆ ಉತ್ತರ ಕೊಡಲು ನನಗೆ ಬರುತ್ತದೆ.

ಪೆಂಡ್ಸೆ ಕಾಕುವೂ ಹೀಗೇ.
ಲಿಫ್ಟಿನಲ್ಲಿ ಕೆನ್ನೆ ಸವರಿ "ಜೇವ್ಲೀಸ್ ಕಾ, ಬಾಳಾ?"
ಅವರ ಕರೆಂಟು ಬಿಲ್ಲು ಕಟ್ಟುವುದು ನಾನು.
ಮದುವೆಮನೆಗಳಲ್ಲಿ ಮಕ್ಕಳ ಪಂಕ್ತಿಗೆ ಕೂರಿಸುತ್ತಾರೆ.
(ಅಲ್ಲಿ ಪಾಯಸ ಮೊದಲು ಬರುತ್ತದೆ,
ತಕರಾರು ಮಾಡಿಲ್ಲ.)

ಆಗದ್ದು ಇಲ್ಲವೆಂದಲ್ಲ.
ಒಗ್ಗರಣೆ ಸಿಡಿದರೆ ಅಡುಗೆಮನೆಯಿಂದ ಓಡುತ್ತೇನೆ.
ಸಂಜೆ ಆರಕ್ಕೆ ದಾದರಿನ ಸೇತುವೆ ಒಬ್ಬಳೇ ಹತ್ತಲಾರೆ.
ಕೆಲವು ಭಾನುವಾರ ಮಾತು
ಗಂಟಲಲ್ಲೇ ಚಿಲಕ ಹಾಕಿಕೊಂಡು ಕೂತುಬಿಡುತ್ತದೆ,
ಅಕ್ಕನಿಗೆ ಬರೀ ಒಂದು ಚುಕ್ಕೆಯ ಮೆಸೇಜು: ಇದ್ದೇನೆ.
ಆರು ವರ್ಷದ ಹುಡುಗಿಯ ಕಷ್ಟಗಳಲ್ಲ ಇವು,
ನನ್ನ ಜೊತೆಗೇ ನರೆತಿವೆ.

ಚಿರಂತ ಬಾಯಿ ತೆರೆದ.
ಮೇಜಿನಡಿ ಅವನ ಕಾಲು ತುಳಿದೆ.
ತಾವ್ಡೆ ಮೇಡಮ್ಮು ಲೋಟದಲ್ಲಿ ನೀರು ತರಿಸಿದರು,
"ನಿಧಾನ, ನಿಧಾನ, ಚೆಲ್ಲಬೇಡ."

ಆ ನೀರು ನನಗೆ ಗೊತ್ತು.
ಭಾಂಡುಪಿನ ಪ್ರಯೋಗಾಲಯದಲ್ಲಿ ಹದಿನೇಳು ವರ್ಷ,
ಹಗಲು ಪಾಳಿ, ರಾತ್ರಿ ಪಾಳಿ,
ಅದರ ಕ್ಲೋರಿನ್ನು, ಅದರ ಕದಡು
ಅಳೆದು, ಬರೆದು,
ಕೆಳಗೆ ನನ್ನ ಸಹಿ.
ಮುಚ್ಚಳ ನಾನೇ ತೆಗೆದ ಪೆನ್ನಿನಲ್ಲಿ.

ಹೇಳಲಿಲ್ಲ.
ಎರಡು ಗುಟುಕು ಕುಡಿದೆ.

"ಒಂಬತ್ತು ಪುಟ ಇದೆ. ಓದದೆ ಸಹಿ ಹಾಕುವುದಿಲ್ಲ.
ಆ ಟ್ಯೂಬ್‌ಲೈಟು ಆರಿಸಿದರೆ ಬೇಗ ಆಗುತ್ತದೆ."

ಆಕೆ ಅಭ್ಯಾಸಬಲದಿಂದ
ಚಿರಂತನ ಕಡೆ ನೋಡಿದರು.
ಅವನು ಪೆಪ್ಪರ್‌ಮಿಂಟು ಚೀಪುತ್ತಾ
ಛಾವಣಿ ನೋಡುತ್ತಿದ್ದ.