ಎಡಗೈ ಕಫ್

ಹನ್ನೊಂದು ವರ್ಷ ಎಡಗೈ ಕಫ್ ಹಚ್ಚಿದೆ ನಾನು.
ಬಲಗೈಯದು ಸಾಕಮ್ಮನ ಮಿಷನ್ನಿಗೆ ಹೋಗುತ್ತಿತ್ತು.
ಪೀಣ್ಯ ಎರಡನೇ ಹಂತ, ಏಳನೇ ಲೈನು,
ಗಂಟೆಗೆ ತೊಂಬತ್ತು.
ಎರಡು ಕಮ್ಮಿ ಬಿದ್ದರೆ ಸೂಪರ್‌ವೈಸರನ ಬಾಯಿಗೆ
ಸತ್ತುಹೋದ ನಮ್ಮಮ್ಮ ಬರುತ್ತಿದ್ದಳು.

ಒಮ್ಮೆ ಬಸ್ಸಿನಲ್ಲಿ ನಿಂತೇ ಲೆಕ್ಕ ಹಾಕಿದೆ:
ಇಪ್ಪತ್ತು ಲಕ್ಷ ದಾಟುತ್ತದೆ.
ಅಷ್ಟು ಎಡಗೈ, ನಾನು ಕಾಣದ ಊರುಗಳಲ್ಲಿ.
ವಾಚು ಕಟ್ಟುವ ಕೈ ಅದು;
ಕಫ್ಫನ್ನು ಚೂರು ಸರಿಸಿ ಹೊತ್ತು ನೋಡುತ್ತಾರೆ.
ನನ್ನ ಹೊತ್ತು ಗೋಡೆಯ ಬೆಲ್ಲಿನಲ್ಲಿತ್ತು.

‘ಇಡೀ ಶರ್ಟು ಹೊಲಿಯಕ್ಕೆ ಬರುತ್ತಾ ದೊಡ್ಡಮ್ಮ?’
ತಂಗಿ ಮಗ ಕೇಳಿದ, ಐದನೇ ಕ್ಲಾಸು.
ಬರಲ್ಲ ಅಂದೆ.
ನಗಲಿಲ್ಲ ಅವನು. ಅದೇ ಚುಚ್ಚಿತು.

ಆಮೇಲೆ ಫ್ಯಾಕ್ಟರಿಯೇ ಎದ್ದು ಹೋಯಿತು,
ಕೂಲಿ ಇನ್ನೂ ಅಗ್ಗವಿರುವ ಯಾವುದೋ ಊರಿಗೆ.
ಪಿಎಫ್ ದುಡ್ಡಿಗೆ ಆರು ಸಲ ಅಲೆದೆ:
ಆಧಾರಿನಲ್ಲಿ ಚೆನ್ನಾಜಮ್ಮ, ಅವರ ಕಂಪ್ಯೂಟರಿನಲ್ಲಿ ಚನ್ನಜ್ಜಮ್ಮ.
‘ಇವರಿಬ್ಬರೂ ಒಬ್ಬರೇ’ ಅಂತ
ಇಪ್ಪತ್ತು ರೂಪಾಯಿ ಕಾಗದದ ಮೇಲೆ ಬರೆಸಿಕೊಟ್ಟೆ.

ಲಗ್ಗೆರೆಯಲ್ಲಿ ಶಟರು, ಕೋಳಿ ಅಂಗಡಿ ಪಕ್ಕ.
ಕಾಲರಿಗೆ ಫರ್ಹಾನ, ತೋಳಿಗೆ ಮುನಿಲಕ್ಷ್ಮಿ,
ಕಾಜಾ ಗುಂಡಿಗೆ ದೊಡ್ಡಹೊನ್ನಮ್ಮ,
ಕಫ್ಫಿಗೆ ನಾವಿಬ್ಬರು.
ಐದು ಜನ ಸೇರಿದರೆ ಒಂದು ಶರ್ಟಿನಷ್ಟು ಬುದ್ಧಿ.

ಕತ್ತರಿಸುವುದು?
ಕಟಿಂಗ್ ಟೇಬಲ್ಲು ಗಂಡಸರದು,
ಗಾಜಿನಾಚೆ, ಕಬ್ಬಿಣದ ಗ್ಲೌಸು, ಎರಡು ಸಾವಿರ ಜಾಸ್ತಿ.
ನಮ್ಮ ಕೈಗೆ ಬರುವ ಹೊತ್ತಿಗೆ
ಬಟ್ಟೆಯ ಹಣೆಬರಹ ಮುಗಿದಿರುತ್ತಿತ್ತು.

ಮೊದಲ ಆರ್ಡರು ಪಕ್ಕದ ಬೀದಿ ಸ್ಕೂಲಿನದು,
ಅರವತ್ತು ಯೂನಿಫಾರ್ಮು, ಅರ್ಧ ತೋಳು.
ಅರ್ಧ ತೋಳು!
ಸಾಕಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ.
ಕಫ್ಫೇ ಇಲ್ಲದ ಶರ್ಟಿಗೆ ನಾವು ಯಾತಕ್ಕೆ?
ದೊಡ್ಡಹೊನ್ನಮ್ಮ ಕತ್ತರಿ ನನ್ನ ಕಡೆ ತಳ್ಳಿದಳು:
‘ಖಾಲಿ ಕೂತಿದೀಯಲ್ಲ, ಹಿಡಿ.’

ಚಿಕ್ಕಪೇಟೆಯ ಥಾನು ನೆಲದ ಮೇಲೆ ಬಿಚ್ಚಿ ಬಿದ್ದಿತ್ತು,
ಆಕಾಶದ ಬಣ್ಣ, ನಲವತ್ತೆಂಟು ಮೀಟರು, ಸಾಲದ್ದು.
ಟೀ ಬಂತು. ಆರಿತು. ಯಾರೂ ಕುಡಿಯಲಿಲ್ಲ.
ತಂಗಿ ಮಗ ಓಡಿಹೋಗಿ ಹೋದ ವರ್ಷದ ತನ್ನ ಶರ್ಟು ತಂದ;
ಹೊಲಿಗೆ ಹೊಲಿಗೆಯಾಗಿ ಬಿಚ್ಚಿದೆವು.
ಬಿಚ್ಚಿದಾಗ ಗೊತ್ತಾಯಿತು, ತೋಳು ತೋಳಿನ ಹಾಗಿರುವುದಿಲ್ಲ,
ಮೇಲೆ ಗುಡ್ಡದ ಹಾಗೆ ಬಾಗಿರುತ್ತದೆ.
ಚಾಕು ಎಳೆದಳು ಸಾಕಮ್ಮ.
ಕತ್ತರಿಯ ಮೊದಲ ಸದ್ದಿಗೆ ನನ್ನ ಹೊಟ್ಟೆ ತಣ್ಣಗಾಯಿತು,
ನಂಬಿ, ಹೆರಿಗೆಗೂ ಹಾಗಾಗಿರಲಿಲ್ಲ.

ಮೊದಲ ಶರ್ಟಿಗೆ ಎರಡೂ ಎಡತೋಳು ಕತ್ತರಿಸಿದ್ದೆ.
ಹನ್ನೊಂದು ವರ್ಷದ ಕೈ, ಇನ್ನೇನು ಮಾಡೀತು.
ಮುನಿಲಕ್ಷ್ಮಿ ನಕ್ಕು ನಕ್ಕು ಕೆಮ್ಮಿದಳು,
ಫರ್ಹಾನ ಮಾತ್ರ ಬಟ್ಟೆಯ ರೇಟು ಹೇಳಿದಳು.

ಅರವತ್ತೂ ಆದವು. ಹೆಡ್‌ಮಾಸ್ಟರು ಅರ್ಧ ದುಡ್ಡು ಕೊಟ್ಟು
ಮಿಕ್ಕಿದ್ದಕ್ಕೆ ‘ನಿಮ್ಮ ಯಜಮಾನರನ್ನ ಕಳಿಸಿ’ ಅಂದರು.
ಮಾರನೇ ದಿನ ಐದೂ ಜನ ಹೋಗಿ
ಆಫೀಸಿನ ಬೆಂಚಿನಲ್ಲಿ ಕೂತೆವು.
ಪ್ರಾರ್ಥನೆ ಮುಗಿಯಿತು. ಊಟದ ಬೆಲ್ಲಾಯಿತು.
ಚೆಕ್ಕಿನಲ್ಲಿ ಚೆನ್ನಾಜಮ್ಮ ಅಂತ ಸರಿಯಾಗಿಯೇ ಬರೆದಿದ್ದರು,
ನಾನು ಒಂದೊಂದೇ ಅಕ್ಷರ ಹೇಳಿ ಬರೆಸಿದ್ದು.

ಆ ಎರಡು ಎಡತೋಳಿನ ಶರ್ಟು
ಅಂಗಡಿಯ ಮೊಳೆಗೆ ನೇತುಹಾಕಿದ್ದೇನೆ.
ಬಂದವರು ಯಾರದಿದು ಅನ್ನುತ್ತಾರೆ.
ನಂದು ಅನ್ನುತ್ತೇನೆ.
ಹಾಗೇ ನೇರ ನಿಂತುಕೊಳ್ಳಿ, ಅಳತೆ ತಗೋತೀನಿ.